ವೀರ್ಯಾಣುವಿನ ಡಿಎನ್‌ಎ ಪರೀಕ್ಷೆ: ಯಾವಾಗ ಮಾಡಿಸಬೇಕು, ವರದಿ ಹೇಗೆ ಓದಬೇಕು, ಆಮೇಲೇನು

ಸಂಖ್ಯೆ, ಚಲನೆ, ಆಕಾರ ಮೂರೂ ಸರಿ ಇದೆ ಎಂದು ವೀರ್ಯ ಪರೀಕ್ಷೆಯ ವರದಿ ಹೇಳುತ್ತದೆ. ಆದರೂ ಗರ್ಭ ನಿಲ್ಲುವುದಿಲ್ಲ, ನಿಂತರೂ ಕೆಲವೇ ವಾರಗಳಲ್ಲಿ ಹೋಗಿಬಿಡುತ್ತದೆ. ಆ ಮೂರು ಅಂಕಿಗಳು ವೀರ್ಯಾಣುವನ್ನು ಹೊರಗಿನಿಂದ ನೋಡಿ ಬರೆದವು. ತಲೆಯೊಳಗೆ ಮಡಚಿಟ್ಟ ಡಿಎನ್‌ಎ ಎಳೆ ತುಂಡಾಗಿದೆಯೇ ಎಂಬುದು ಅವುಗಳಲ್ಲಿ ಕಾಣುವುದಿಲ್ಲ.

ಎಳೆ ಯಾಕೆ ತುಂಡಾಗುತ್ತದೆ? ವೀರ್ಯಾಣು ಬಲಿಯುವಾಗ ಡಿಎನ್‌ಎ ಸುತ್ತಿಕೊಂಡಿದ್ದ ಹಿಸ್ಟೋನ್ ಪ್ರೋಟೀನುಗಳ ಬಹುಪಾಲು ಹೋಗಿ, ಆ ಜಾಗಕ್ಕೆ ಪ್ರೋಟಮೀನ್ ಬರುತ್ತದೆ. ಇದರಿಂದ ಡಿಎನ್‌ಎ ಬಿಗಿಯಾಗಿ ಒತ್ತಿಕೊಳ್ಳುತ್ತದೆ. ಈ ಕಟ್ಟು ಸಡಿಲವಾಗಿ ಉಳಿದರೆ, ಸೋಂಕು, ಧೂಮಪಾನ, ಬಿಸಿ, ವೆರಿಕೊಸೀಲ್ (ವೃಷಣದ ಸುತ್ತಲಿನ ರಕ್ತನಾಳಗಳ ಊತ) ಇವುಗಳಿಂದ ಹೆಚ್ಚುವ ಆಕ್ಸಿಡೆಂಟುಗಳು (ಜೀವಕೋಶ ಕೆಡಿಸುವ ಚುರುಕು ಅಣುಗಳು) ಸುಲಭವಾಗಿ ಒಳಹೊಕ್ಕು ಎಳೆ ಕತ್ತರಿಸುತ್ತವೆ. ಬಲಿತ ವೀರ್ಯಾಣುವಿಗೆ ತನ್ನ ಡಿಎನ್‌ಎ ರಿಪೇರಿ ಮಾಡಿಕೊಳ್ಳುವ ಶಕ್ತಿ ಇಲ್ಲ. ಅಂಡಾಣು ಒಂದಿಷ್ಟು ಸರಿಪಡಿಸುತ್ತದೆ, ಆದರೆ ಹೆಣ್ಣಿನ ವಯಸ್ಸು ಏರಿದಂತೆ ಆ ಶಕ್ತಿ ಕುಗ್ಗುತ್ತದೆ. ಹಾಗಾಗಿ ವರದಿ ಒಬ್ಬರದಾದರೂ ಓದುವಾಗ ಇಬ್ಬರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇದು ಎಲ್ಲರೂ ಮೊದಲಿಗೇ ಮಾಡಿಸಬೇಕಾದ ಪರೀಕ್ಷೆಯಲ್ಲ. ಮತ್ತೆ ಮತ್ತೆ ಗರ್ಭಪಾತವಾಗಿದ್ದರೆ, ಕಾರಣ ತಿಳಿಯದ ಬಂಜೆತನವಿದ್ದರೆ, ಐವಿಎಫ್ (ಲ್ಯಾಬಿನಲ್ಲಿ ಅಂಡಾಣು, ವೀರ್ಯಾಣು ಕೂಡಿಸುವುದು) ಅಥವಾ ಇಕ್ಸಿ (ಒಂದೇ ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಗೆ ಸೇರಿಸುವುದು) ಪದೇ ಪದೇ ವಿಫಲವಾಗಿದ್ದರೆ, ವೆರಿಕೊಸೀಲ್‌ಗೆ ಶಸ್ತ್ರಚಿಕಿತ್ಸೆ ಬೇಕೇ ಎಂಬ ಪ್ರಶ್ನೆ ಇದ್ದರೆ ಮಾಡಿಸಿ.

ಸ್ಯಾಂಪಲ್ ಕೊಡುವಾಗ

ತಪ್ಪು ಹೆಚ್ಚಾಗಿ ಆಗುವುದು ಇಲ್ಲೇ. ವೀರ್ಯಾಣುಗಳು ಒಳಗೆ ಹೆಚ್ಚು ದಿನ ಕಾದಷ್ಟೂ ಡಿಎನ್‌ಎ ಕೆಡುತ್ತದೆ. 2ರಿಂದ 7 ದಿನ ಸ್ಖಲನವಿಲ್ಲದೆ ಇರಬೇಕೆಂಬುದು ಸಾಮಾನ್ಯ ನಿಯಮ. ಅದರೊಳಗೆ ನಿಮ್ಮ ದಿನ ಎಷ್ಟೆಂದು ಬರೆದಿಡಿ, ಮರುಪರೀಕ್ಷೆಗೂ ಅಷ್ಟೇ ದಿನ ಬಿಡಿ. ಮೊದಲ ಸಲ 2 ದಿನ, ಎರಡನೇ ಸಲ 7 ದಿನ ಬಿಟ್ಟು ಕೊಟ್ಟರೆ ಎರಡು ವರದಿಗಳನ್ನು ಹೋಲಿಸುವುದರಲ್ಲಿ ಅರ್ಥವಿಲ್ಲ. ಜೆಲ್, ಎಂಜಲು, ಮಾಮೂಲಿ ಕಾಂಡೋಮ್ ಯಾವುದನ್ನೂ ಬಳಸಬೇಡಿ. ಮೊದಲ ಹನಿಗಳಲ್ಲೇ ವೀರ್ಯಾಣು ಹೆಚ್ಚು, ಅವು ಚೆಲ್ಲಿಹೋದರೆ ಲ್ಯಾಬಿನವರಿಗೆ ಹೇಳಲೇಬೇಕು. ಮನೆಯಿಂದ ತರುವುದಾದರೆ ಮೈಗೆ ಹತ್ತಿರವಿಟ್ಟುಕೊಂಡು ಒಂದು ಗಂಟೆಯೊಳಗೆ ತಲುಪಿಸಿ. ತಡವಾದಷ್ಟೂ ಎಳೆ ತುಂಡಾಗುತ್ತಾ ಹೋಗುತ್ತದೆ. ಕಳೆದ ಮೂರು ತಿಂಗಳಲ್ಲಿ ಜೋರು ಜ್ವರ ಬಂದಿದ್ದರೆ ಪರೀಕ್ಷೆ ಮುಂದೂಡಿ.

ಅಂಕಿ ಓದುವುದು

ತುಂಡಾದ ಡಿಎನ್‌ಎ ಇರುವ ವೀರ್ಯಾಣುಗಳು ನೂರಕ್ಕೆ ಎಷ್ಟು ಎಂಬುದೇ ಡಿಎಫ್‌ಐ. ಎಸ್‌ಸಿಎಸ್‌ಎ ಎಂಬ, ಬಣ್ಣ ಹಾಕಿ ಯಂತ್ರದಲ್ಲಿ ಎಣಿಸುವ ವಿಧಾನದಲ್ಲಿ ಸಾಮಾನ್ಯವಾಗಿ 15%ಕ್ಕಿಂತ ಕಡಿಮೆ ಒಳ್ಳೆಯದು, 30% ದಾಟಿದರೆ ಹೆಚ್ಚು. ನಡುವಿನದು ಅನುಮಾನದ ವಲಯ. ಟ್ಯೂನೆಲ್, ಕಾಮೆಟ್, ಹ್ಯಾಲೊ ವಿಧಾನಗಳು ಅಳೆಯುವ ರೀತಿ ಬೇರೆ, ಅವುಗಳ ಮಿತಿಯೂ ಬೇರೆ. ಆದ್ದರಿಂದ ಮರುಪರೀಕ್ಷೆ ಅದೇ ಲ್ಯಾಬಿನಲ್ಲಿ, ಅದೇ ವಿಧಾನದಲ್ಲಿ ಆಗಲಿ. ಡಿಎಫ್‌ಐ ಹೆಚ್ಚಿದ್ದ ಮಾತ್ರಕ್ಕೆ ಮಗುವಾಗುವುದಿಲ್ಲ ಎಂದಲ್ಲ. ಅವಕಾಶ ಕಡಿಮೆ, ಗರ್ಭಪಾತದ ಅಪಾಯ ಹೆಚ್ಚು ಎಂದಷ್ಟೇ ಅದರ ಅರ್ಥ.

ಮೂರು ತಿಂಗಳ ಕೆಲಸ

ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು, ಎಪಿಡಿಡಿಮಿಸ್ (ವೃಷಣಕ್ಕೆ ಅಂಟಿದ ಸುರುಳಿ ನಾಳ) ದಾಟಿ ಹೊರಬರಲು ಇನ್ನೂ ಒಂದೆರಡು ವಾರ. ಇವತ್ತು ಬಿಟ್ಟ ಸಿಗರೇಟಿನ ಫಲ ಮುಂದಿನ ತಿಂಗಳ ವರದಿಯಲ್ಲಿ ಹುಡುಕಬೇಡಿ. ತಂಬಾಕು ಪೂರ್ತಿ ನಿಲ್ಲಿಸಿ. ತೊಡೆಯ ಮೇಲೆ ಲ್ಯಾಪ್‌ಟಾಪ್, ಬಿಸಿನೀರಿನ ಟಬ್, ಸೌನಾ ಬೇಡ. ತೂಕ ಹೆಚ್ಚಿದ್ದರೆ ನಿಧಾನವಾಗಿ ಇಳಿಸಿ. ಜಿಮ್ಮಿನಲ್ಲಿ ಕೊಡುವ ಟೆಸ್ಟೋಸ್ಟೆರೋನ್ ಅಥವಾ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡದೆ ವೈದ್ಯರಿಗೆ ತಿಳಿಸಿ: ಅವು ವೀರ್ಯಾಣು ತಯಾರಿಕೆಯನ್ನೇ ನಿಲ್ಲಿಸಬಲ್ಲವು.

ಇಷ್ಟರ ಜೊತೆಗೆ ಯೂರಾಲಜಿಸ್ಟ್ ಅಥವಾ ಆಂಡ್ರಾಲಜಿಸ್ಟ್ (ಗಂಡಸರ ಸಂತಾನ ಸಮಸ್ಯೆಯ ತಜ್ಞ) ಕೈಯಲ್ಲಿ ದೈಹಿಕ ಪರೀಕ್ಷೆ ಆಗಲೇಬೇಕು. ಕೈಗೆ ಸಿಗುವಷ್ಟು ದೊಡ್ಡ ವೆರಿಕೊಸೀಲ್ ಇದ್ದರೆ ಶಸ್ತ್ರಚಿಕಿತ್ಸೆಯಿಂದ ಡಿಎಫ್‌ಐ ಸಾಮಾನ್ಯವಾಗಿ ಇಳಿಯುತ್ತದೆ. ವೀರ್ಯದಲ್ಲಿ ಬಿಳಿ ರಕ್ತಕಣ ಮಿಲಿಲೀಟರಿಗೆ 10 ಲಕ್ಷ ಮೀರಿದ್ದರೆ ಸೋಂಕು ಇದೆಯೇ ಎಂದು ನೋಡಬೇಕು.

ಕಾರಣ ಹುಡುಕದೆ ಆಂಟಿಆಕ್ಸಿಡೆಂಟ್ ಮಾತ್ರೆ ನುಂಗುವುದನ್ನು ನಾವು ಒಪ್ಪುವುದಿಲ್ಲ. 2020ರಲ್ಲಿ ಪ್ರಕಟವಾದ ದೊಡ್ಡ ಅಮೆರಿಕನ್ ಪ್ರಯೋಗದಲ್ಲಿ ಗಂಡಸರಿಗೆ ದಿನಕ್ಕೆ 5 ಮಿಲಿಗ್ರಾಂ ಫೋಲಿಕ್ ಆಸಿಡ್, 30 ಮಿಲಿಗ್ರಾಂ ಜಿಂಕ್ ಆರು ತಿಂಗಳು ಕೊಟ್ಟರು. ಮಗು ಹುಟ್ಟುವ ಪ್ರಮಾಣ ಹೆಚ್ಚಲಿಲ್ಲ, ಡಿಎನ್‌ಎ ತುಂಡಾಗುವಿಕೆ ಮಾತ್ರ ಸ್ವಲ್ಪ ಏರಿತು.

ಎಪಿಜೆನೆಟಿಕ್ಸ್ ಎಲ್ಲಿ ಬರುತ್ತದೆ

ಡಿಎನ್‌ಎ ಅಕ್ಷರಗಳು ಬದಲಾಗದೆ, ಯಾವ ಜೀನ್ ತೆರೆದಿರಬೇಕು, ಯಾವುದು ಮುಚ್ಚಿರಬೇಕು ಎಂದು ಹೇಳುವ ಗುರುತುಗಳಿವು: ಮಿಥೈಲ್ ಗುಂಪುಗಳು, ಉಳಿದುಕೊಂಡ ಹಿಸ್ಟೋನುಗಳು, ಸಣ್ಣ ಆರ್‌ಎನ್‌ಎಗಳು. ವೀರ್ಯಾಣುವಿನಲ್ಲಿ ಎಚ್19 ಜೀನಿನ ನಿಯಂತ್ರಣ ಭಾಗಕ್ಕೆ ಮಿಥೈಲ್ ಗುರುತು ಇರಬೇಕು, ಎಂಇಎಸ್‌ಟಿ ಜೀನಿಗೆ ಇರಬಾರದು. ಸಂಖ್ಯೆ ತೀರಾ ಕಡಿಮೆ ಇರುವ ಗಂಡಸರಲ್ಲಿ ಇವು ತಿರುವುಮುರುವಾಗಿರುವುದು ಹೆಚ್ಚಾಗಿ ಕಂಡಿದೆ. ಧೂಮಪಾನ, ಬೊಜ್ಜು, ವಯಸ್ಸು ಈ ಗುರುತುಗಳನ್ನೂ ಮುಟ್ಟುತ್ತವೆ, ಹಾಗಾಗಿ ಮೇಲಿನ ಮೂರು ತಿಂಗಳ ಕೆಲಸ ಇದಕ್ಕೂ ಸಲ್ಲುತ್ತದೆ. ಆದರೆ ಮಿಥೈಲೇಶನ್ ವರದಿ ನೋಡಿ ಚಿಕಿತ್ಸೆ ನಿರ್ಧರಿಸುವ ಹಂತಕ್ಕೆ ವೈದ್ಯಕೀಯ ಇನ್ನೂ ಬಂದಿಲ್ಲ. ಅದಕ್ಕೆ ದುಡ್ಡು ಸುರಿಯಬೇಡಿ.

ಮರುಪರೀಕ್ಷೆಯಲ್ಲೂ ಇಳಿಯದಿದ್ದರೆ

ಐವಿಎಫ್ ನಡೆಯುತ್ತಿದ್ದರೆ, ಸ್ಯಾಂಪಲ್ ಕೊಡುವ ಮುನ್ನ ಸ್ಖಲನವಿಲ್ಲದೆ ಒಂದೇ ದಿನದ ಅಂತರ ಸಾಕೇ ಎಂದು ವೈದ್ಯರನ್ನು ಕೇಳಿ. ಡಿಎಫ್‌ಐ ಇಳಿಸಲು ಇದು ಖರ್ಚಿಲ್ಲದ ದಾರಿ. ಇಕ್ಸಿಯಲ್ಲಿ ಎಂಬ್ರಿಯಾಲಜಿಸ್ಟ್ (ಲ್ಯಾಬಿನ ಭ್ರೂಣತಜ್ಞ) ವೀರ್ಯಾಣುವನ್ನು ಆರಿಸುವುದು ರೂಪ, ಚಲನೆ ನೋಡಿಯೇ, ಒಳಗಿನ ತುಂಡುಗಳು ಅವರಿಗೂ ಕಾಣುವುದಿಲ್ಲ. ಸ್ಖಲಿಸಿದ ವೀರ್ಯಾಣುವಿಗಿಂತ ವೃಷಣದೊಳಗಿನದರಲ್ಲಿ ತುಂಡುಗಳು ಕಡಿಮೆ, ಹಾಗಾಗಿ ಸೂಜಿಯಿಂದ ಅದನ್ನೇ ತೆಗೆದು ಇಕ್ಸಿಗೆ ಬಳಸುವುದುಂಟು. ರಕ್ತಸ್ರಾವ, ಸೋಂಕಿನ ಅಪಾಯ ಇರುವುದರಿಂದ ಉಳಿದ ದಾರಿಗಳು ಮುಗಿದ ಮೇಲಷ್ಟೇ ಇದಕ್ಕೆ ಒಪ್ಪಿ.