ಎಗ್ಜಾಸ್ಟ್ ಟ್ಯಾಪೆಟ್‌ಗೆ ಜಾಗವೇ ಇರಲಿಲ್ಲ

ಅಪ್ಪ ಓಡಿಸುತ್ತಿದ್ದ 1998ರ ಸ್ಪ್ಲೆಂಡರ್ ಈಗ ನನ್ನ ಕೈಗೆ ಬಂದಿದೆ. ದಿನಾ ಧಾರವಾಡದಿಂದ ಹುಬ್ಬಳ್ಳಿಗೆ ಅದರ ಮೇಲೇ ಹೋಗಿ ಬರುತ್ತೇನೆ. ಕಳೆದ ಚಳಿಗಾಲದಲ್ಲಿ ಟ್ಯಾಪೆಟ್ (ವಾಲ್ವನ್ನು ಒತ್ತುವ ರಾಕರ್ ಅನ್ನೋ ತೋಳಿನ ತುದಿಯ ಸ್ಕ್ರೂ) ಸಪ್ಪಳ ಜಾಸ್ತಿ ಆಯಿತು ಅಂತ ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಎಂಜಿನ್ ಇನ್ನೂ ಬಿಸಿ ಇರುವಾಗಲೇ, ಸಂದಿ ಅಳೆಯುವ ತೆಳು ಪಟ್ಟಿ, ಅಂದರೆ ಗೇಜ್, ಹಾಕದೆ, ಐದು ನಿಮಿಷದಲ್ಲಿ ಬಿಗಿ ಮಾಡಿ ಕೊಟ್ಟರು. ಸಪ್ಪಳ ಪೂರ್ತಿ ನಿಂತಿತು. ನನಗೂ ಖುಷಿಯಾಯಿತು.

ಎರಡು ವಾರ ಕಳೆಯುವಷ್ಟರಲ್ಲಿ ಮುಂಜಾನೆ ಹತ್ತು ಕಿಕ್ ಹೊಡೆದರೂ ಗಾಡಿ ಚಾಲೂ ಆಗದಂತಾಯಿತು. ಕಾಲಿಗೆ ತಡೆಯೇ ಸಿಗುತ್ತಿರಲಿಲ್ಲ, ಕಿಕ್ ಸುಮ್ನೆ ಕೆಳಗೆ ಹೋಗುತ್ತಿತ್ತು. ಸಂಜೆ ನವಲೂರು ದಾಟಿ ಏರು ಬಂತೆಂದರೆ ಗೇರ್ ಇಳಿಸಲೇಬೇಕು. ನಮ್ಮ ಓಣಿಯಲ್ಲಿ ಮೊದಲು ಮೆಕ್ಯಾನಿಕ್ ಆಗಿದ್ದ ಕಾಕಾ ಒಬ್ಬರಿದ್ದಾರೆ. ಅವರು ಒಂದೇ ಕಿಕ್ ಹೊಡೆದು ನೋಡಿ ಹೇಳಿದರು: "ಟ್ಯಾಪೆಟ್ ಸಪ್ಪಳ ಮಾಡ್ಲಿ ಬಿಡೋ ತಮ್ಮಾ. ಪೂರ್ತಿ ನಿಂತ್ರ ಅಂಜಬೇಕು."

ಅವರು ಬಿಡಿಸಿ ಹೇಳಿದ್ದು ಇಷ್ಟು. ಎಂಜಿನ್ನಿಗೆ ಗಾಳಿ-ಪೆಟ್ರೋಲ್ ಒಳಬಿಡಲು ಇನ್‌ಲೆಟ್, ಹೊಗೆ ಹೊರಬಿಡಲು ಎಗ್ಜಾಸ್ಟ್ ಅಂತ ಎರಡು ವಾಲ್ವ್. ಎಂಜಿನ್ ಕಾದಾಗ ವಾಲ್ವ್ ಉದ್ದ ಆಗುತ್ತದೆ. ಅದಕ್ಕೆ ಜಾಗ ಬಿಟ್ಟಿರದಿದ್ದರೆ ಅದು ತನ್ನ ಸೀಟಿನ (ಮುಚ್ಚಿದಾಗ ವಾಲ್ವ್ ಕೂರುವ ಉಂಗುರ) ಮೇಲೆ ಪೂರ್ತಿ ಕೂರುವುದಿಲ್ಲ. ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ಸೋರುತ್ತದೆ. ಎಗ್ಜಾಸ್ಟ್ ವಾಲ್ವ್ ತನ್ನ ಕಾವನ್ನು ಬಿಡುವುದೇ ಸೀಟಿಗೆ ತಾಗಿ ಕೂತಾಗ. ಕೂರದಿದ್ದರೆ ಅಂಚು ಸುಟ್ಟೇ ಹೋಗುತ್ತದೆ.

ಈ ಸಲ ನಾನೇ ಮಾಡುತ್ತೇನೆ ಅಂದೆ. ಶನಿವಾರ ರಾತ್ರಿ ಗಾಡಿ ನಿಲ್ಲಿಸಿ, ಭಾನುವಾರ ಬೆಳಿಗ್ಗೆ ತಣ್ಣಗಿರುವಾಗಲೇ ಕೂತೆ. ಪ್ಲಗ್ ಬಿಚ್ಚಿದೆ, ಎಂಜಿನ್ ಕೈಯಲ್ಲಿ ಹಗುರಾಗಿ ತಿರುಗಲಿ ಅಂತ. ಎರಡೂ ಟ್ಯಾಪೆಟ್ ಮುಚ್ಚಳ ತೆಗೆದೆ. ಈ ಎಂಜಿನ್ನಿನ ಸಿಲಿಂಡರ್ ಹೆಚ್ಚು ಕಡಿಮೆ ಅಡ್ಡಡ್ಡ ಮಲಗಿದೆ, ಹಾಗಾಗಿ ಎಗ್ಜಾಸ್ಟ್ ಮುಚ್ಚಳ ಕೆಳಗಡೆ ಬರುತ್ತದೆ. ಬಿಚ್ಚಿದರೆ ಸ್ವಲ್ಪ ಆಯಿಲ್ ಸುರಿಯುತ್ತದೆ, ಅಡಿಗೆ ಒಂದು ತಟ್ಟೆ ಇಡಿ.

ಮ್ಯಾಗ್ನೆಟ್ (ಕ್ರ್ಯಾಂಕ್ ತುದಿಯ ಚಕ್ರ) ತಿರುಗಿಸಿ, ಪಿಸ್ಟನ್ ತುದಿಗೆ ಬಂದದ್ದನ್ನು ತೋರಿಸುವ 'ಟಿ' ಗುರುತು ಸರಿಯಾಗಿ ಕೂರಿಸಿದೆ. ಗೇಜ್ ಹಾಕಿದರೆ ಎರಡೂ ಕಡೆ ಹೋಗಲೇ ಇಲ್ಲ. ಎರಡನ್ನೂ ಸಡಿಲ ಮಾಡಲು ಪಾನಾ ಹಾಕುತ್ತಿದ್ದೆ, ಕಾಕಾ ಕೈ ಹಿಡಿದರು. ಮ್ಯಾಗ್ನೆಟ್ ಸ್ವಲ್ಪ ಆಚೆ ಈಚೆ ಅಲುಗಿಸಲು ಹೇಳಿದರು. ಅಲುಗಿಸಿದೆ, ಎರಡೂ ರಾಕರ್ ಅಲುಗಿದವು. ಅಂದರೆ ಅದು ತಪ್ಪು 'ಟಿ'. ನಾಲ್ಕು ಸ್ಟ್ರೋಕಿಗೆ ಕ್ರ್ಯಾಂಕ್ ಎರಡು ಸುತ್ತು ತಿರುಗುತ್ತದೆ, ಹಾಗಾಗಿ ಗುರುತು ಎರಡು ಸಲ ಬರುತ್ತದೆ. ನಮಗೆ ಬೇಕಾದ್ದು ಎರಡೂ ವಾಲ್ವ್ ಮುಚ್ಚಿರುವ ಕಂಪ್ರೆಷನ್ನಿನದು. ಇನ್‌ಲೆಟ್ ರಾಕರ್ ವಾಲ್ವನ್ನು ಒತ್ತಿ ಮತ್ತೆ ಬಿಟ್ಟ ಮೇಲೆ ಬರುವ 'ಟಿ' ಅದು. ಇನ್ನೊಂದು ಸುತ್ತು ಹಾಕಿದೆ. ಈಗ ಅಲುಗಿಸಿದರೆ ರಾಕರ್‌ಗಳು ಸುಮ್ಮನಿದ್ದವು. ಹೊಸಬರು ತಪ್ಪುವುದು ಇಲ್ಲೇ, ಇದೊಂದನ್ನು ಎರಡೆರಡು ಸಲ ನೋಡಿಕೊಳ್ಳಿ.

ನನ್ನ ಗಾಡಿಗೆ ಎರಡಕ್ಕೂ ಬಿಡಬೇಕಾದ ಸಂದಿ 0.05 ಮಿ.ಮೀ. ನಿಮ್ಮ ಗಾಡಿಯ ಅಳತೆ ಬೇರೆ ಇರಬಹುದು, ಅದರ ಪುಸ್ತಕ ನೋಡಿಯೇ ಹಾಕಿ. ಇನ್‌ಲೆಟ್‌ನಲ್ಲಿ ಗೇಜ್ ಬಿಗಿಯಾಗಿ ಹೋಯಿತು. ಎಗ್ಜಾಸ್ಟ್‌ನಲ್ಲಿ ತುದಿ ಕೂಡ ತೂರಲಿಲ್ಲ. ಸಿಕ್ಕಿತು ಕಾರಣ!

ಲಾಕ್ ನಟ್ ಸಡಿಲಿಸಿ, ಸ್ಕ್ರೂ ಸ್ವಲ್ಪ ಹಿಂದೆ ತಿರುಗಿಸಿ, ಗೇಜ್ ತೂರಿಸಿ ಎಳೆದು ನೋಡಿದೆ. ದಪ್ಪ ಪುಸ್ತಕದ ನಡುವೆ ಸಿಕ್ಕಿದ ನೋಟು ಎಳೆದ ಹಾಗೆ ಇರಬೇಕು. ಬರಬೇಕು, ಆದರೆ ಬೆರಳಿಗೆ ತಡೆ ಗೊತ್ತಾಗಬೇಕು. ಹದ ಸಿಕ್ಕಿತು ಅಂತ ನಟ್ ಬಿಗಿ ಮಾಡಿದರೆ ಸ್ಕ್ರೂ ಕೂಡ ಕೂದಲೆಳೆಯಷ್ಟು ತಿರುಗಿಬಿಡುತ್ತದೆ. ಗೇಜ್ ಮತ್ತೆ ಬಿಗಿ. ಒಂದು ಕೈಯಲ್ಲಿ ಸ್ಕ್ರೂ ಹಿಡಿದು, ಇನ್ನೊಂದರಲ್ಲಿ ನಟ್ ಬಿಗಿಸುವುದು ಕೂಡಿಬರಲು ನಾಲ್ಕು ಸಲ ಬೇಕಾಯಿತು. ಆಮೇಲೆ ಇನ್‌ಲೆಟ್. ಅದು ಮೇಲಿರುವುದರಿಂದ ಬೇಗ ಮುಗಿಯಿತು. ಎಂಜಿನ್ನನ್ನು ಎರಡು ಸುತ್ತು ತಿರುಗಿಸಿ ಎರಡನ್ನೂ ಮತ್ತೊಮ್ಮೆ ಅಳೆದೆ.

ಪ್ಲಗ್ ಹಾಕಿ ಕಿಕ್ ಮೇಲೆ ಕಾಲಿಟ್ಟೆ. ತಡೆ ಸಿಕ್ಕಿತು. ಎರಡನೇ ಕಿಕ್‌ಗೆ ಚಾಲೂ. ಟಿಕ್ ಟಿಕ್ ಅಂತ ಸಣ್ಣ ಸಪ್ಪಳ ಬರುತ್ತಿತ್ತು. ಕಾಕಾ ಕಿವಿಗೊಟ್ಟು ಕೇಳಿ, "ಹಾಂ, ಈಗ ಬರೋಬ್ಬರಿ ಆತು" ಅಂದು ಚಹಾ ಕುಡಿಯಲು ಒಳಗೆ ಹೋದರು.