ಒಂದೇ ಫ್ಲ್ಯಾಶ್, ಒಂದು ಹಗ್ಗ, ಎರಡು ಗಂಟು

ಕೊಡವ ಮದುವೆಯಲ್ಲಿ ಆಳುದ್ದದ ಫೋಟೊ ಬೇಕೇ ಬೇಕು. ತಲೆಯ ಮಂಡೆತುಣಿ (ಪೇಟ), ಕುಪ್ಯ (ಉದ್ದ ನಿಲುವಂಗಿ), ಸೊಂಟಕ್ಕೆ ಸುತ್ತುವ ಚೇಲೆ, ಅದರಲ್ಲಿ ಸಿಕ್ಕಿಸಿದ ಪೀಚೆಕತ್ತಿ, ಎಲ್ಲವೂ ಒಂದೇ ಫ್ರೇಮಿನಲ್ಲಿ ಬರಬೇಕು. ಅಂದರೆ ಕ್ಯಾಮೆರಾ ವರ್ಟಿಕಲ್. ಇದನ್ನು ಒಂದೇ ಫ್ಲ್ಯಾಶಿನಲ್ಲಿ ಮಾಡುತ್ತೇನೆ ಅಂದಾಗ ವಿರಾಜಪೇಟೆ ಕಡೆಯ ಹಿರಿಯರೊಬ್ಬರು, "ಎರಡು ದೊಡ್ಡ ಲೈಟ್ ಇಲ್ಲದೆ ಆಗುವ ಕೆಲಸ ಅಲ್ಲ ಮಾರಾಯ" ಅಂದಿದ್ದರು. ಹೋದ ಸೀಸನ್ನಿನ ಆಲ್ಬಮ್ ನೋಡಿ, ಲೈಟ್ ಎಲ್ಲಿಟ್ಟಿದ್ದೆ ಅಂತ ಅವರೇ ಕೇಳಿದರು.

ಕ್ಯಾಮೆರಾ ನೆತ್ತಿಯ ಹಾಟ್‌ಶೂ ಮೇಲೆ ಫ್ಲ್ಯಾಶ್ ಇಟ್ಟು ಕ್ಯಾಮೆರಾ ತಿರುಗಿಸಿದರೆ ಏನಾಗುತ್ತದೆ ಅಂತ ನಿಮಗೆ ಗೊತ್ತೇ ಇದೆ. ಫ್ಲ್ಯಾಶ್ ಎಡಕ್ಕೆ ಬರುತ್ತದೆ, ಬಲಗಡೆ ಗೋಡೆ ಮೇಲೆ ಕಪ್ಪು ನೆರಳು ಬೀಳುತ್ತದೆ. ಫ್ಲ್ಯಾಶಿನ ತಲೆ ತಿರುಗಿಸಿ ಬೆಳಕನ್ನು ಸೂರಿಗೆ ಬೌನ್ಸ್ ಮಾಡೋಣ ಅಂದರೆ ಐನ್‌ಮನೆಯಲ್ಲಿ, ಅಂದರೆ ಕೊಡವ ಮನೆತನದ ಮೂಲಮನೆಯಲ್ಲಿ, ಬಿಳಿ ಸೂರು ಎಲ್ಲಿದೆ? ಹಳೇ ಮರ ಅರ್ಧ ಬೆಳಕನ್ನು ನುಂಗುತ್ತದೆ, ಉಳಿದದ್ದು ಕಂದು ಬಣ್ಣ ಹೊತ್ತು ಮುಖಕ್ಕೆ ಬೀಳುತ್ತದೆ. ಮದುವೆ ಹಾಲ್‌ಗಳ ಸೂರು ತುಂಬಾ ಎತ್ತರ, ಫುಲ್ ಪವರ್ ಕೊಟ್ಟರೂ ಸಾಲುವುದಿಲ್ಲ.

ಗೋಣಿಕೊಪ್ಪದ ವರ್ಕ್‌ಶಾಪಿನಲ್ಲಿ ಅಲ್ಯೂಮಿನಿಯಂ ಪಟ್ಟಿ ಬಗ್ಗಿಸಿ ಬ್ರಾಕೆಟ್ ಮಾಡಿಸಿದೆ. ಮುನ್ನೂರೈವತ್ತೋ ನಾನೂರೋ ಆಯಿತು. ಫ್ಲ್ಯಾಶ್ ಲೆನ್ಸಿನ ನೇರ ಮೇಲೆ ಬಂತು, ಪಕ್ಕದ ನೆರಳು ಬೆನ್ನ ಹಿಂದೆ ಹೋಯಿತು. ಆದರೆ ಮುಖ ಚಪ್ಪಟೆ. ಕತ್ತಿಯ ಬೆಳ್ಳಿ ಕೆಲಸವೂ ಮಂಕು. ಮೈಸೂರಿನಿಂದ ಬೆಳಕು ಹರಡುವ ಅಂಬ್ರೆಲಾ, ಸ್ಟ್ಯಾಂಡ್ ಬಾಡಿಗೆಗೆ ತಂದದ್ದೂ ಇದೆ, ಸಾಗಾಟ ಸೇರಿ ದಿನಕ್ಕೆ ಎರಡು ಸಾವಿರದ ಹತ್ತಿರ. ಮದುಮಗಳು ಬಾವಿಯಿಂದ ನೀರು ತರುವ ಗಂಗಾ ಪೂಜೆಯಲ್ಲಿ ವಾಲಗಕ್ಕೆ ಕುಣಿಯುವವರ ನಡುವೆ ಸ್ಟ್ಯಾಂಡ್ ನಿಲ್ಲಿಸುವುದು ಎಲ್ಲಿ ಬಂತು!

ಇದಕ್ಕಿಂತ ದೊಡ್ಡ ತಲೆನೋವು ಟಿಟಿಎಲ್, ಅಂದರೆ ಕ್ಯಾಮೆರಾವೇ ಲೆನ್ಸಿನ ಮೂಲಕ ಬೆಳಕು ಅಳೆದು ಫ್ಲ್ಯಾಶ್ ಪವರ್ ಹಾಕುವುದು. ಮದುಮಗನದು ಬಿಳಿ ಕುಪ್ಯ, ಪಕ್ಕದ ನೆಂಟರದು ಕಪ್ಪು. ಕಪ್ಪು ಕಂಡಾಗ ಕ್ಯಾಮೆರಾ ಜಾಸ್ತಿ ಬೆಳಕು ಸುರಿದು ಮುಖ ಸುಣ್ಣ ಬಳಿದ ಹಾಗೆ ಮಾಡುತ್ತದೆ. ಬಿಳಿ ಕಂಡಾಗ ಕಡಿಮೆ ಮಾಡಿ ಮುಖ ಕಪ್ಪಾಗಿಸುತ್ತದೆ. ಪವರನ್ನು ನಾವೇ ಹಾಕುವ ಮ್ಯಾನುವಲ್ ಒಂದೇ ದಾರಿ. ಆದರೆ ಮ್ಯಾನುವಲ್‌ನಲ್ಲಿ ಫ್ಲ್ಯಾಶಿನ ದೂರ ಬದಲಾದರೆ ಎಲ್ಲ ಬದಲಾಗುತ್ತದೆ, ಅಲ್ವಾ?

ಹಗ್ಗ ಬಂದದ್ದು ಇಲ್ಲಿಗೇ. ಫ್ಲ್ಯಾಶನ್ನು ಮೋನೊಪಾಡ್ (ಒಂಟಿ ಕಾಲಿನ ಕೋಲು) ತುದಿಗೆ ಹಾಕಿ, ವೈರಿಲ್ಲದೆ ಫ್ಲ್ಯಾಶ್ ಹೊಡೆಸುವ ರೇಡಿಯೊ ಟ್ರಿಗರ್ ಕೊಟ್ಟು, ಒಂದು ಹುಡುಗನ ಕೈಗೆ ಕೊಡುತ್ತೇನೆ. ಫ್ಲ್ಯಾಶ್ ಬುಡಕ್ಕೆ ತೆಳು ನೈಲಾನ್ ಹಗ್ಗ. ಒಂದೂವರೆ ಮೀಟರಿಗೆ ಒಂದು ಗಂಟು, ಮೂರು ಮೀಟರಿಗೆ ಇನ್ನೊಂದು. ಅರ್ಧ ಆಳಿನ ಪೋರ್ಟ್ರೇಟ್ ಆದರೆ ಮೊದಲ ಗಂಟು ಮದುಮಗನ ಹೆಗಲಿಗೆ ಮುಟ್ಟಬೇಕು. ಮುಟ್ಟಿತು, ಹಗ್ಗ ಬಿಟ್ಟ, ನಾನು ಕ್ಲಿಕ್ ಮಾಡಿದೆ. ಐಎಸ್‌ಒ 400, ಎಫ್ 4, ಪವರ್ ಫುಲ್‌ನ 1/32ರ ಆಸುಪಾಸು. ಆಳುದ್ದಕ್ಕೆ ಎರಡನೇ ಗಂಟು, ಪವರ್ 1/8. ದೂರ ಎರಡರಷ್ಟಾದರೆ ಬೆಳಕು ನಾಲ್ಕರಷ್ಟು ಬೇಕು, ಅಷ್ಟೇ ಲೆಕ್ಕ. ಹತ್ತಿರದ ಗಂಟಿನಲ್ಲೇ ಆಳುದ್ದ ತೆಗೆದರೆ ಮುಖ ಬೆಳಗಿ ಕಾಲು ಕತ್ತಲಾಗುತ್ತದೆ. ದೂರ ಹೋದಾಗ ತಲೆಗೂ ಕಾಲಿಗೂ ವ್ಯತ್ಯಾಸ ಕಮ್ಮಿ.

ಮದುಮಗ ಯಾವ ಕಡೆ ಮುಖ ತಿರುಗಿಸಿದ್ದಾನೋ ಆ ಕಡೆಯಿಂದ, ತಲೆಗಿಂತ ಎರಡಡಿ ಮೇಲೆ ಹಿಡಿಯಲು ಹುಡುಗನಿಗೆ ಹೇಳಿದ್ದೇನೆ. ಓರೆ ಬೆಳಕಿಗೆ ಪೀಚೆಕತ್ತಿಯ ಕೆತ್ತನೆ ಎದ್ದು ಕಾಣುತ್ತದೆ, ಕಪ್ಪು ಕುಪ್ಯದ ಮಡಿಕೆಗಳೂ ಬಿಡಿಬಿಡಿಯಾಗಿ ಬರುತ್ತವೆ. ಈ ಬೆಳಕಿನಲ್ಲಿ ಬೆಳ್ಳಿ ನನಗೆ ಬಂದಷ್ಟು ಚೆನ್ನಾಗಿ ಎರಡು ದೊಡ್ಡ ಲೈಟ್ ಇಟ್ಟವರಿಗೂ ಬಂದದ್ದು ನಾನು ನೋಡಿಲ್ಲ. ಫ್ಲ್ಯಾಶ್ ಮುಂದೆ ಬೆಳಕು ಮೆದುವಾಗಿಸುವ ಸಣ್ಣ ಸಾಫ್ಟ್‌ಬಾಕ್ಸಿಗೆ ನಾನು ಎರಡನೇ ಪದರ ಕಟ್ಟುತ್ತೇನೆ. ಯಾವ ಬಟ್ಟೆ ಅನ್ನುವುದು ಸದ್ಯ ನನ್ನಲ್ಲೇ ಇರಲಿ.

ಐನ್‌ಮನೆಯ ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ಜೋಡಿ ಮುಕ್ಕಾಲಿ ಮೇಲೆ ಕೂತಾಗ ಮಾತ್ರ ಶಟರ್ 1/160ರಿಂದ 1/50ಕ್ಕೆ ಇಳಿಸಿ ಫ್ಲ್ಯಾಶಿಗೆ ಆರೆಂಜ್ ಜೆಲ್ (ಬಣ್ಣದ ಹಾಳೆ) ಹಾಕುತ್ತೇನೆ. ತೂಗುದೀಪದ ಬೆಳಕು ಉಳಿಯಬೇಕು. ಅದನ್ನು ಫ್ಲ್ಯಾಶಿನಲ್ಲಿ ಮುಳುಗಿಸಿದರೆ ಅದು ಐನ್‌ಮನೆಯ ಫೋಟೊ ಅಲ್ಲ.

ಖರ್ಚು ಕೇಳುತ್ತೀರಿ. ಸೆಕೆಂಡ್ ಹ್ಯಾಂಡ್ ಫ್ಲ್ಯಾಶ್ ಮೂರೂವರೆ ಸಾವಿರ, ಟ್ರಿಗರ್ ಎರಡೂವರೆ, ಮೋನೊಪಾಡ್, ಸಾಫ್ಟ್‌ಬಾಕ್ಸ್ ಎರಡೂ ಸೇರಿ ಸುಮಾರು ಎರಡು. ಹಗ್ಗ ಮನೆಯದೇ. ಪವರ್ ಕಮ್ಮಿ ಇರುವುದರಿಂದ ಒಂದು ಸೆಟ್ ಚಾರ್ಜಿಂಗ್ ಸೆಲ್ ಬೆಳಗಿನಿಂದ ಊಟದವರೆಗೆ ಬರುತ್ತದೆ.

ಮಾಂದಲ್‌ಪಟ್ಟಿ ಬೆಟ್ಟದ ಮಂಜಿನಲ್ಲೂ ಇದನ್ನು ನೋಡಿದೆ. ಮುಂದಿನಿಂದ ಹೊಡೆದರೆ ಮಂಜಿನ ಹನಿಗಳೇ ಬೆಳಗಿ ಎಲ್ಲ ಬೆಳ್ಳಗಾಗುತ್ತದೆ. ಹುಡುಗನನ್ನು ಜೋಡಿಯ ಬೆನ್ನ ಹಿಂದೆ ಕೂರಿಸಿ ಫ್ಲ್ಯಾಶನ್ನು ನನ್ನ ಕಡೆಗೇ ತಿರುಗಿಸಿದಾಗ ಅದೇ ಮಂಜು ಅವರ ಸುತ್ತ ಬೆಳಕಾಗಿ ನಿಂತಿತು. ಮುಖಕ್ಕೆ ಇನ್ನೊಂದು ಫ್ಲ್ಯಾಶ್ ಬೇಕು, ಅದು ಈ ವರ್ಷದ ಕೆಲಸ. ಮಳೆಗಾಲಕ್ಕೆ ಮೊದಲು ಸೆಲ್ ತೆಗೆದು, ಫ್ಲ್ಯಾಶನ್ನು ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಿಗೆ ಹಾಕಿಡಿ. ಇಲ್ಲಿನ ಜುಲೈ ತಿಂಗಳಿಗೆ ಟರ್ಮಿನಲ್‌ಗಳು ಹಸಿರು ಕಟ್ಟಲು ಜಾಸ್ತಿ ದಿನ ಬೇಡ.