ಸಿಂಧನೂರಿನಿಂದ ಹಟ್ಟಿಗೆ: ಕಿಟಕಿ ಪಕ್ಕದ ಸೀಟು, ಎರಡು ಬಣ್ಣದ ಕಲ್ಲು

ನಮ್ಮ ರಾಯಚೂರು ಜಿಲ್ಲೆಯಲ್ಲೇ ಲಾವಾ ಹರಿದು ಆದ ಕಲ್ಲು ಇದೆ ಅಂದಾಗ ನನ್ನ ಏಳನೇ ತರಗತಿ ಮಕ್ಕಳು ನಂಬಲಿಲ್ಲ. ಕೈಗೆ ಕೊಟ್ಟು ತೋರಿಸಬೇಕು ಅನ್ನಿಸಿತು. ಅಕ್ಟೋಬರ್ ರಜೆಯಲ್ಲಿ ಒಂದು ದಿನ ಸಿಂಧನೂರಿನಲ್ಲಿ ಬೆಳಿಗ್ಗೆಯ ಲಿಂಗಸುಗೂರು ಬಸ್ ಹತ್ತಿದೆ. ಹಿಂದೊಮ್ಮೆ ಏಪ್ರಿಲ್‌ನಲ್ಲಿ ಹೋಗಿದ್ದೆ. ಆಗ ಕಿಟಕಿಯ ಸರಳು ಮುಟ್ಟೋಕಾಗದಷ್ಟು ಕಾದಿತ್ತು, ಏನೂ ನೋಡೋಕೆ ಆಗಲಿಲ್ಲ. ಮಳೆ ಮುಗಿದ ಮೇಲೆಯೇ ಹೋಗಿ.

ಮೊದಲರ್ಧ ಭತ್ತದ್ದು. ತುಂಗಭದ್ರಾ ಎಡದಂಡೆ ಕಾಲುವೆ ನೀರು ಮುಟ್ಟಿದಲ್ಲೆಲ್ಲ ಹಸಿರು. ಮಸ್ಕಿ ಹತ್ತಿರವಾದಂತೆ ಗುಡ್ಡ ಏಳುತ್ತದೆ. ಯಾರೋ ಜೋಡಿಸಿಟ್ಟಂತೆ ಗುಂಡು ಗುಂಡು ಕಲ್ಲು, ಬಿಸಿಲಿಗೆ ತಿಳಿಗೆಂಪು. ಇದು ಲಾವಾ ಅಲ್ಲ, ನೆಲದಾಳದಲ್ಲೇ ನಿಧಾನವಾಗಿ ಆರಿ ಗಟ್ಟಿಯಾದ ಗ್ರಾನೈಟ್ ಜಾತಿಯ ಕಲ್ಲು.

ಮಸ್ಕಿಯಲ್ಲಿ ಇಳಿದೆ. ವಗ್ಗರಣೆ, ಮಿರ್ಚಿ ತಿಂದು ಅಶೋಕನ ಶಾಸನ ನೋಡಿ ಬಂದೆ. 1915ರಲ್ಲಿ ಇದನ್ನು ಮೊದಲು ಗುರುತಿಸಿದ ಬೀಡನ್ ಚಿನ್ನದ ಗಣಿಯ ಎಂಜಿನಿಯರ್. ಅಲ್ಲಿವರೆಗೆ ಸಿಕ್ಕ ಶಾಸನಗಳಲ್ಲಿ ರಾಜನ ಬಿರುದು ಇತ್ತು, ‘ಅಶೋಕ’ ಅನ್ನೋ ಹೆಸರು ಕಂಡಿದ್ದು ಈ ಬಂಡೆಯ ಮೇಲೆ. ಚಿನ್ನದ ಕೆಲಸದವನು ಈ ಕಡೆ ಯಾಕೆ ಓಡಾಡುತ್ತಿದ್ದ ಅಂತ ಮುಂದಿನ ದಾರಿ ನೋಡಿದರೆ ತಿಳಿಯುತ್ತದೆ.

ಲಿಂಗಸುಗೂರಿನಲ್ಲಿ ಬಸ್ ಬದಲಿಸಿ ಹಟ್ಟಿ ಕಡೆ ಹೊರಟೆ. ಎರೆ ಹೊಲ, ತೊಗರಿ, ಹತ್ತಿ. ಗುಂಡುಕಲ್ಲಿನ ಗುಡ್ಡಗಳು ಹಿಂದೆ ಉಳಿದವು. ಬದಲಿಗೆ ತಗ್ಗಾದ ಮರಡಿಗಳು, ಕಲ್ಲಿನ ಬಣ್ಣ ಕಪ್ಪು. ಇದೇ ನಾನು ಹುಡುಕಿಕೊಂಡು ಬಂದಿದ್ದ ಕಲ್ಲು. 250 ಕೋಟಿ ವರ್ಷಕ್ಕೂ ಹಿಂದೆ ನೀರಿನಡಿ ಉಕ್ಕಿದ ಲಾವಾ ಇದು. ಈ ಕಲ್ಲು ಉದ್ದಕ್ಕೆ ಹಬ್ಬಿರೋ ನೆಲವನ್ನು ಭೂವಿಜ್ಞಾನಿಗಳು ಹಟ್ಟಿ-ಮಸ್ಕಿ ಪಟ್ಟಿ ಅನ್ನುತ್ತಾರೆ. ಲಾವಾ ಆರಿ ಕಲ್ಲಾದ ಎಷ್ಟೋ ಕಾಲದ ಮೇಲೆ ಅದರ ಬಿರುಕುಗಳಲ್ಲಿ ಬಿಸಿನೀರು ನುಗ್ಗಿತು. ಬೆಣಚುಕಲ್ಲಿನ ಜೊತೆ ಚಿನ್ನವನ್ನೂ ಬಿಟ್ಟು ಹೋಯಿತು. ಹಟ್ಟಿ ಗಣಿ ಇರೋದು ಅದಕ್ಕೇ. ಇಲ್ಲಿ ಸುಮಾರು ಎರಡು ಸಾವಿರ ವರ್ಷದ ಹಿಂದೆಯೇ ಜನ ಚಿನ್ನ ಅಗೆದ ಗುರುತುಗಳಿವೆ.

ಊರಿಗೆ ಸ್ವಲ್ಪ ಮೊದಲೇ ಇಳಿದು ನಡೆದೆ. ರಸ್ತೆ ಬದಿಯ ಒಂದು ಬಂಡೆ ಮೇಲೆ ನೀರು ಚೆಲ್ಲಿದೆ. ಒದ್ದೆಯಾದ ತಕ್ಷಣ ಕಪ್ಪಿನೊಳಗಿನ ಹಸಿರು ಎದ್ದು ಬಂತು. ಜೊತೆಗೆ ಉದ್ದುದ್ದ ದಿಂಬಿನಂಥ ಆಕಾರಗಳು, ಪ್ರತಿಯೊಂದಕ್ಕೂ ಬೆರಳಗಲದ ಕಡುಗಪ್ಪು ಅಂಚು. ಬಿಸಿ ಲಾವಾ ನೀರಿಗೆ ತಾಗಿದಾಗ ಹೊರಮೈ ಥಟ್ಟನೆ ಆರಿ ಸಿಪ್ಪೆಯಾಗುತ್ತದೆ. ಒಳಗಿನದು ನಿಧಾನಕ್ಕೆ ಆರುತ್ತದೆ. ಆ ಸಿಪ್ಪೆಯೇ ಈ ಅಂಚು. ಆಮೇಲೆ ಭೂಮಿಯ ಒತ್ತಡಕ್ಕೆ ಸಿಕ್ಕಿ ದಿಂಬುಗಳು ಚಪ್ಪಟೆಯಾಗಿವೆ. ಅಂಚಿನ ಮೇಲೆ ಬೆರಳಾಡಿಸುತ್ತಾ ಎಷ್ಟೋ ಹೊತ್ತು ಅಲ್ಲೇ ಕೂತಿದ್ದೆ.

ಅಲ್ಲೇ ಬಿದ್ದಿದ್ದ ಒಂದು ಚೂರು ಎತ್ತಿಕೊಂಡೆ. ಮಸ್ಕಿಯ ಹೊಲದ ಬದುವಿನಿಂದ ತಂದ ತಿಳಿಗೆಂಪು ಕಲ್ಲು ಚೀಲದಲ್ಲಿತ್ತು. ಶಾಸನದ ಗುಡ್ಡದಿಂದ ಮಾತ್ರ ಏನೂ ತರಬೇಡಿ.

ವಾಪಸ್ ಬಸ್‌ನಲ್ಲಿ ಪಕ್ಕದ ಸೀಟಿನ ಅಜ್ಜಿ ಕೇಳಿದರು, "ಏನ್ ನೋಡ್ತೀಯವ್ವಾ ಅಷ್ಟೊತ್ತಿಂದ? ಬರೇ ಕಲ್ಲು ಅದಾವ."

ಎರಡೂ ಕಲ್ಲು ಅವರ ಕೈಗಿಟ್ಟೆ. ಗಾತ್ರ ಒಂದೇ. ಅಂಗೈ ಮೇಲೆ ತೂಗಿ ನೋಡಿದರು.

"ಕರೇದು ಜಾಸ್ತಿ ಭಾರ ಐತಲ್ಲ!"

"ಹೌದಮ್ಮಾ, ಅದು ಬೆಂಕಿಯಾಗಿ ಹರಿದಿದ್ದು. ಕಬ್ಬಿಣದ ಅಂಶ ಜಾಸ್ತಿ."

ಅವರು ಕೆಂಪು ಕಲ್ಲು ವಾಪಸ್ ಕೊಟ್ಟರು. ಕಪ್ಪು ಕಲ್ಲನ್ನು ಮಸ್ಕಿ ಬರೋವರೆಗೂ ಮಡಿಲಲ್ಲೇ ಇಟ್ಟುಕೊಂಡಿದ್ದರು.